ಅಕ್ಕ ಹತ್ತದ ಬಸ್ಸು

ನಮ್ಮ ಬೀದಿಯಲ್ಲಿ ಅಕ್ಕನ ಬಾಯಿಗೆ ಸಿಕ್ಕಿ ಪಾರಾಗಿ ಬಂದವರಿಲ್ಲ. ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಕಸುಬಿನಿಂದ ದರ್ಜಿ. ಕೆಳಗಿನ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಎದುರಿಗೆ ನಿಲುಗನ್ನಡಿ, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಮೇಜಿನಡಿ ಚಿಂದಿ ತುಂಬಿದ ಚೀಲ. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡೂ ಅವಳು ಲೀಲಾಜಾಲವಾಗಿ ಮಾತಾಡಬಲ್ಲಳು. ನಾನು ಮೇಲಿನ ಮನೆಯವಳು. ಮಧ್ಯಾಹ್ನ ಕೆಳಗಿಳಿದು ಅವಳಿಗೆ ಅಂಗಿಗಳ ಗುಂಡಿತೂತಿಗೆ ಕಾಜಾ ಹಾಕಿಕೊಡುತ್ತೇನೆ. ಕಾಜಾ ಬರೀ ನೆಪ, ಬರುವುದು ಅವಳ ಮಾತು ಕೇಳಲು.

ಮೂಲೆ ಅಂಗಡಿಯ ಸಾಹುಕಾರರು ಒಮ್ಮೆ ಅಂಗಿ ತಂದು ಮೇಜಿನ ಮೇಲೆ ಎಸೆದು, "ಏನಮ್ಮಾ ಇದು, ಹೊಲಿದುಕೊಟ್ಟ ಅಂಗಿ ವರ್ಷ ತುಂಬೋದರೊಳಗೆ ಚಿಕ್ಕದಾಯ್ತು!" ಎಂದು ಗುಡುಗಿದರು.

ಅಕ್ಕ ಅಂಗಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅಂಗಿ ಹೋದ ವರ್ಷದ್ದೇ ಸ್ವಾಮಿ, ಏನೂ ಬದಲಾಗಿಲ್ಲ. ಒಳಗಿರೋರು ಮಾತ್ರ ಈ ವರ್ಷದೋರು," ಎಂದಳು. ಕೋಣೆಯಲ್ಲಿ ಅಳತೆ ಕೊಡಲು ನಿಂತವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಸಾಹುಕಾರರೂ ನಕ್ಕು, ಅಂಗಿ ಬಿಟ್ಟು ಹೋದರು.

ಇಂಥವಳ ಗಂಡ, ಅಂದರೆ ನಮ್ಮ ಭಾವ, ಸಿಟಿ ಬಸ್ಸಿನ ಡ್ರೈವರ್. ನಮ್ಮ ಬೀದಿಯ ತುದಿಯಲ್ಲೇ ಅವರ ಬಸ್ಸು ನಿಲ್ಲುತ್ತದೆ. ಅಲ್ಲಿಂದ ಹೊರಟು, ಹೊಳೆಯ ಮೇಲಿನ ಸೇತುವೆ ದಾಟಿ, ಆಚೆ ದಡದ ದೊಡ್ಡ ಮಾರ್ಕೆಟ್ಟಿಗೆ ಹೋಗುತ್ತದೆ. ಬೀದಿಯವರೆಲ್ಲ ಆ ಬಸ್ಸಿನಲ್ಲಿ ಓಡಾಡಿದ್ದಾರೆ. ಭಾವನ ಹೆಂಡತಿ ಮಾತ್ರ ಒಂದು ದಿನವೂ ಹತ್ತಿರಲಿಲ್ಲ. ಈ ವರ್ಷ ಭಾವ ನಿವೃತ್ತರಾಗುವವರಿದ್ದರು. ಅವರಿಗೆ ಇದ್ದ ಆಸೆ ಒಂದೇ: ತಾನು ಸ್ಟೀರಿಂಗ್ ಬಿಡುವ ಮೊದಲು ಹೆಂಡತಿ ಒಮ್ಮೆ ಆ ಬಸ್ಸಿನಲ್ಲಿ ಕೂರಬೇಕು. ಆದರೆ ಅದನ್ನು ಅವರು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕೇಳಿ ಕೇಳಿ ಸೋತಿದ್ದರು.

ಮದುವೆಯಾದ ಹೊಸದರಲ್ಲಿ ಕೇಳುತ್ತಿದ್ದರಂತೆ. "ಇವತ್ತು ರಜಾ ದಿನ, ಬಸ್ಸು ಖಾಲಿ ಇರತ್ತೆ, ಬಾ," ಅನ್ನುವುದು. ಅಕ್ಕ, "ಹೊಲಿಗೆ ರಾಶಿ ಬಿದ್ದಿದೆ," ಅನ್ನುವುದು. ಇನ್ನೊಂದು ದಿನ ತಲೆನೋವು, ಮತ್ತೊಂದು ದಿನ ಗಿರಾಕಿ ಬರುತ್ತಾರೆ. ಹೀಗೇ ನಡೆದು ನಡೆದು ಭಾವ ತಮ್ಮಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದರು: ಇವಳಿಗೆ ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ಲ.

ಬೇರೆ ಗಂಡಸಾಗಿದ್ದರೆ ಮುಖ ಊದಿಸಿಕೊಂಡು ಕೂರುತ್ತಿದ್ದ. ನಮ್ಮ ಭಾವ ಇನ್ನೂ ಚೆನ್ನಾಗಿ ಓಡಿಸಲು ಶುರು ಮಾಡಿದರು. ತಿರುವಿನಲ್ಲೂ ನಿಂತವರು ಕಂಬಿ ಹಿಡಿಯಬೇಕಾಗದ ಹಾಗೆ, ಬ್ರೇಕ್ ಹಾಕಿದ್ದು ನಿದ್ದೆ ಹೋದವರಿಗೆ ಗೊತ್ತೇ ಆಗದ ಹಾಗೆ. ಡಿಪೋದಲ್ಲಿ ಅವರಿಗೆ 'ಬೆಣ್ಣೆ' ಎಂದೇ ಹೆಸರು ಬಿತ್ತು. ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಕೋಲು ಹಿಡಿದ ಅಜ್ಜಂದಿರು ಬಂದ ಬಸ್ಸು ಬಿಟ್ಟು ಬೆಣ್ಣೆಯ ಬಸ್ಸಿಗೆ ಕಾಯುತ್ತಿದ್ದರು. ಅಪಘಾತವಿಲ್ಲದ ಚಾಲನೆಗೆ ಇಲಾಖೆ ಕೊಟ್ಟ ಪ್ರಶಸ್ತಿ ಪತ್ರಗಳಿಗೆಲ್ಲ ಚೌಕಟ್ಟು ಹಾಕಿಸಿ, ಭಾವ ಅವನ್ನು ಹೊಲಿಗೆ ಯಂತ್ರದ ಎದುರಿನ ಗೋಡೆಯ ಮೇಲೇ ತೂಗುಹಾಕಿದರು. ಅಕ್ಕ ತಲೆ ಎತ್ತಿದರೆ ಅವೇ ಕಾಣಬೇಕು.

"ಎಷ್ಟು ಜಂಬ ನೋಡು ಮಾರಾಯ್ತಿ ನಿನ್ನ ಭಾವಂಗೆ," ಎಂದು ಅಕ್ಕ ನನ್ನ ಹತ್ತಿರ ಮೂಗು ಮುರಿಯುತ್ತಿದ್ದಳು. ಅದು ಜಂಬವಲ್ಲ, ಮೊರೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಬಸ್ಸೊಂದೇ ಅಲ್ಲ, ಅಕ್ಕ ಬೀದಿಯ ತುದಿ ದಾಟುತ್ತಿರಲಿಲ್ಲ. ಆದರೆ ಇದು ಯಾರ ಕಣ್ಣಿಗೂ ಬೀಳಲಿಲ್ಲ, ಯಾಕೆಂದರೆ ಊರೇ ಅವಳ ಬಾಗಿಲಿಗೆ ಬರುತ್ತಿತ್ತು. ಬಟ್ಟೆ ಬರುತ್ತಿತ್ತು, ಸುದ್ದಿ ಬರುತ್ತಿತ್ತು, ತರಕಾರಿ ಗಾಡಿ ಬರುತ್ತಿತ್ತು. ದಾರ, ಗುಂಡಿ, ಜಿಪ್ಪುಗಳನ್ನು ಮಾರ್ಕೆಟ್ಟಿನಿಂದ ತರುವುದು ಭಾವನ ಪಾಲಿಗೆ. ಭಾವನಿಗೆ ನೀಲಿ ಎಂದರೆ ನೀಲಿ, ಅದರಲ್ಲಿ ಮತ್ತೆ ಬಗೆಗಳಿವೆ ಎಂಬುದು ಅವರ ತಲೆಗೆ ಹೋಗುವುದಿಲ್ಲ. ಹಾಗಾಗಿ ನಮ್ಮ ಬೀದಿಯವರ ಅಂಗಿಗಳಲ್ಲಿ ಗುಂಡಿಗೂ ಬಟ್ಟೆಗೂ ಹೊಂದುವುದೇ ಇಲ್ಲ. ಕಾಲ ಕಳೆದಂತೆ ಜನ ಅದನ್ನೇ ಫ್ಯಾಷನ್ ಅಂದುಕೊಂಡರು.

ಗುಟ್ಟು ಬಯಲಾದದ್ದು ಈ ಗುಂಡಿಯಿಂದಲೇ. ಹೊಸದಾಗಿ ನಮ್ಮ ಬಡಾವಣೆಗೆ ಬಂದಿದ್ದ ಡಾಕ್ಟ್ರಮ್ಮ ಒಬ್ಬರು ಸಡಿಲವಾದ ಕೋಟಿಗೆ ಹಿಡಿ ಹಾಕಿಸಿ, ಹೊಸ ಗುಂಡಿ ಹಚ್ಚಿಸಲು ಬಂದರು. ಎತ್ತರದ ಹೆಂಗಸು, ಗಟ್ಟಿ ನಗು. ಮನಸ್ಸಿನ ಕಾಯಿಲೆಗಳ ಡಾಕ್ಟರ್ ಎಂದು ತಿಳಿದದ್ದು ಆಮೇಲೆ. ನಮ್ಮತ್ತೆ ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದರು. ನಾನು ಕಾಜಾ ಹಾಕುತ್ತಿದ್ದೆ. ಅಕ್ಕ ಡಾಕ್ಟ್ರಮ್ಮನ ಸುತ್ತ ಸುತ್ತುತ್ತ ಅವರ ಆಸ್ಪತ್ರೆ, ಅತ್ತೆ ಮನೆ, ಮೊಣಕಾಲು ನೋವು ಎಲ್ಲವನ್ನೂ ವಿಚಾರಿಸಿ ಮುಗಿಸಿದ್ದಳು.

"ಕೋಟು ಸರಿಯಾಯ್ತು," ಎಂದರು ಡಾಕ್ಟ್ರಮ್ಮ ಕನ್ನಡಿ ನೋಡಿ, "ಗುಂಡಿ ಮಾತ್ರ ಬಣ್ಣ ಬೇರೆ. ನೀವೇ ಒಂದ್ಸಲ ಮಾರ್ಕೆಟ್ಟಿಗೆ ಹೋಗಿ ಹೊಂದಿಸಿ ತರಬಾರ್ದಾ?"

"ಅವಳೆಲ್ಲಿ ಹೋಗ್ತಾಳಮ್ಮ," ಎಂದು ಅತ್ತೆ ಬಟಾಣಿ ಬಿಟ್ಟು ಬಾಯಿ ಹಾಕಿದರು. "ತುಂಬಾ ಸಂಕೋಚ. ಜನ ಅಂದ್ರೆ ಆಗಲ್ಲ."

ಡಾಕ್ಟ್ರಮ್ಮ ಸುತ್ತಲೂ ನೋಡಿದರು. "ಯಾರಿಗೆ, ಇವರಿಗಾ?" ಎಂದು ಅವರು ನಕ್ಕ ನಗುವಿಗೆ ಅಕ್ಕನೂ ನಕ್ಕಳು. ಆದರೆ ಅವಳ ನಗು ಅರ್ಧಕ್ಕೆ ನಿಂತಿತು.

ಅಷ್ಟರಲ್ಲಿ ಭಾವ ಡ್ಯೂಟಿ ಮುಗಿಸಿ ಬಂದು ಬಾಗಿಲ ಹತ್ತಿರ ಬೂಟು ಬಿಚ್ಚುತ್ತಿದ್ದರು. ಮಾತು ಅವರ ಕಿವಿಗೂ ಬಿತ್ತು. ನಾನು ತಡೆಯಲಾರದೆ, "ಸಂಕೋಚ ಅಲ್ಲ ಡಾಕ್ಟ್ರೇ, ಬಸ್ಸಿಗೆ ಹೆದರ್ತಾಳೆ," ಎಂದೆ. ಅತ್ತೆ, "ಹೃದಯ ವೀಕು ಅಂತ ನನ್ನ ಚಿಕ್ಕ ಮಗ ಹೇಳ್ತಾನೆ, ಮನೆಗೇ ಕರೆಸಿ ಇಸಿಜಿ ಮಾಡಿಸಿದ್ವಿ, ಅದರಲ್ಲಿ ಏನೂ ಬರ್ಲಿಲ್ಲ," ಎಂದರು. ಹೀಗೆ ಮನೆಯವರೆಲ್ಲ ಸೇರಿ ಅಕ್ಕನಿಗೆ ಆಳಿಗೊಂದು ರೋಗ ಹಚ್ಚುತ್ತಿದ್ದಾಗ ಅವಳು ಸುಮ್ಮನೆ ಟೇಪು ಸುತ್ತುತ್ತ ನಿಂತಿದ್ದಳು. ಅಕ್ಕ ಸುಮ್ಮನೆ ನಿಂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಡಾಕ್ಟ್ರಮ್ಮ ಅದನ್ನು ನೋಡಿದರು. ಕೋಟು ಬಿಚ್ಚದೆ ಅಲ್ಲೇ ಸ್ಟೂಲಿನ ಮೇಲೆ ಕೂತು, ನಮ್ಮನ್ನೆಲ್ಲ ಬಿಟ್ಟು ಅವಳನ್ನೇ ಕೇಳಿದರು.

"ಈ ಕೋಣೆ ತುಂಬ ಜನ ಬಂದ್ರೆ ಭಯ ಆಗತ್ತಾ?"

"ಇನ್ನಷ್ಟು ಬರ್ಲಿ ಅನ್ಸತ್ತೆ."

"ಯಾರೂ ಇಲ್ಲದ ದೊಡ್ಡ ಮೈದಾನ. ನೀವೊಬ್ಬರೇ ನಡೆದು ದಾಟಬೇಕು."

ಅಕ್ಕ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ಆಗಲ್ಲ," ಎಂದಳು.

"ನೋಡಿ, ಅಲ್ಲಿ ಜನಾನೇ ಇಲ್ಲ, ಆದ್ರೂ ಭಯ. ಜನ ನೋಡ್ತಾರೆ, ನಗ್ತಾರೆ ಅನ್ನೋ ಅಳುಕು ಇರೋರಿಗೆ ಈ ಕೋಣೆ ಕಷ್ಟ, ಮೈದಾನ ಸುಖ. ನಿಮ್ಮದು ಉಲ್ಟಾ. ಸರಿ, ಬಸ್ಸು ಡಿಪೋದಲ್ಲಿ ನಿಂತಿದೆ, ಬಾಗಿಲು ತೆಗೆದಿದೆ. ಒಳಗೆ ಕೂತ್ಕೋತೀರಾ?"

"ಕೂತ್ಕೋತೀನಿ. ಅದರಲ್ಲೇನಿದೆ?"

"ಹಾಗಾದ್ರೆ ಬಸ್ಸಿನ ಭಯಾನೂ ಅಲ್ಲ. ಬಾಗಿಲು ಮುಚ್ಚಿ ಹೊರಟ್ರೆ?"

ಅಕ್ಕನ ಕೈ ಕುತ್ತಿಗೆಗೆ ಹೋಯಿತು. ಆಮೇಲೆ ಅವಳು ಹೇಳುತ್ತಾ ಹೋದಳು, ನಾವೆಲ್ಲ ಬೆಪ್ಪಾಗಿ ಕೇಳಿದೆವು. ಮದುವೆಯಾದ ಹೊಸದರಲ್ಲಿ ಬಟ್ಟೆ ತರಲು ಒಬ್ಬಳೇ ಹೋಗಿದ್ದಳಂತೆ, ಬೇರೆ ಯಾರದೋ ಬಸ್ಸು. ಸೇತುವೆಯ ನಡುವೆ ಟ್ರಾಫಿಕ್ಕಿನಲ್ಲಿ ನಿಂತುಬಿಟ್ಟಿತು. ಇದ್ದಕ್ಕಿದ್ದ ಹಾಗೆ ಎದೆ ಢವಢವ, ಕೈಬೆರಳು ಜೋಮು, ಉಸಿರು ಸಾಲದು, ಈಗ ಸತ್ತೆ ಎಂಬ ಖಾತ್ರಿ. ಇಳಿಯಲು ದಾರಿಯಿಲ್ಲ. ಅಂದಿನಿಂದ ಬಸ್ಸು ಬಿಟ್ಟಳು. ಆಮೇಲೆ ಸೇತುವೆ, ಆಮೇಲೆ ಮಾರ್ಕೆಟ್ಟು. ಸಿನಿಮಾ ಮಂದಿರದಲ್ಲಿ ಬಾಗಿಲ ಪಕ್ಕದ ಸೀಟಾದರೆ ಸರಿ, ನಡುವೆ ಆದರೆ ಇಲ್ಲ. ಕೊನೆಗೆ ಅದೂ ಬೇಡವಾಯಿತು. ಬ್ರೆಡ್ ಅಂಗಡಿಯ ಕ್ಯೂನಲ್ಲಿ ಮುಂದೆ ನಾಲ್ಕು ಜನ, ಹಿಂದೆ ನಾಲ್ಕು ಜನ ನಿಂತರೆ ಕಾಲಿಗೆ ಬುದ್ಧಿ ಹೇಳುವುದೇ.

"ಜೊತೆಗೆ ಯಾರಾದ್ರೂ ಇದ್ರೆ?"

"ಇವರಿದ್ರೆ ಬೀದಿ ತುದಿ ತನಕ ಹೋಗ್ತೀನಿ."

"ಮನೇಲಿ ಸುಮ್ನೆ ಕೂತಿರುವಾಗ ಆ ತರ ಎದೆ ಹೊಡ್ಕೊಂಡಿದ್ದು ಉಂಟಾ?"

"ಇಲ್ಲವೇ ಇಲ್ಲ."

"ಸಂಸಾರ, ದುಡ್ಡು, ನಾಳೆ ಹೇಗೋ, ನಾಡಿದ್ದು ಹೇಗೋ ಅಂತ ದಿನವಿಡೀ ಕೊರಗ್ತೀರಾ?"

ಇದಕ್ಕೆ ಅತ್ತೆಯೇ ಉತ್ತರಿಸಿದರು. "ಅವಳಾ? ಅಡುಗೆ ಮನೆಗೆ ಬೆಂಕಿ ಹತ್ತಿಕೊಂಡಾಗ ಹಾಡು ಹೇಳ್ಕೊಂಡು ಆರಿಸಿದೋಳು ಅವಳು. ಕೊರಗೋದೆಲ್ಲ ನನ್ನ ಡಿಪಾರ್ಟ್‌ಮೆಂಟು."

"ಕೊನೇ ಪ್ರಶ್ನೆ," ಎಂದರು ಡಾಕ್ಟ್ರಮ್ಮ. "ಅಲ್ಲಿ ನಿಮಗಿರೋ ಭಯ ಯಾವುದರದ್ದು? ಬಸ್ಸಿನದ್ದಾ, ನೀರಿನದ್ದಾ, ಜನರದ್ದಾ?"

ಅಕ್ಕ ಟೇಪನ್ನು ಮೇಜಿನ ಮೇಲಿಟ್ಟಳು. "ಅಲ್ಲಿ ಏನಾದ್ರೂ ಆದ್ರೆ ಹೊರಗೆ ಬರೋಕಾಗಲ್ಲ, ಯಾರೂ ಕೈಗೆ ಸಿಗಲ್ಲ ಅಂತ. ಅಷ್ಟೇ."

"ಅಷ್ಟೇ," ಎಂದರು ಡಾಕ್ಟ್ರಮ್ಮ. "ಒಂದೇ ಜಾಗ, ಒಂದೇ ವಸ್ತುವಿನ ಭಯ ಆಗಿದ್ರೆ ಬೇರೆ ಮಾತು. ನಿಮಗೆ ಬಸ್ಸು, ಸೇತುವೆ, ಕ್ಯೂ, ಬಯಲು ಎಲ್ಲದರಲ್ಲೂ ಇರೋದು ಇದೊಂದೇ ಎಳೆ. ಇದಕ್ಕೆ ಅಗೋರಾಫೋಬಿಯಾ ಅಂತಾರೆ. ಹುಚ್ಚಲ್ಲ, ಹಠ ಅಲ್ಲ. ವಾಸಿ ಆಗತ್ತೆ. ಆದ್ರೆ ಕೋಟಿನ ಅಳತೆ ಕೊಡ್ತಾ ಕಾಯಿಲೆ ತೀರ್ಮಾನ ಮಾಡೋಳಲ್ಲ ನಾನು. ರಕ್ತ ಪರೀಕ್ಷೆ, ಥೈರಾಯ್ಡು ಎಲ್ಲ ನೋಡಿ, ಕೂತು ಸರಿಯಾಗಿ ಮಾತಾಡಿ ಹೇಳ್ತೀನಿ. ಮೊದಲು ನಾನೇ ಬರ್ತೀನಿ. ಹೇಗೂ ಕೋಟು ತಗೊಂಡು ಹೋಗ್ಬೇಕಲ್ಲ."

ಆಗ ಬಾಗಿಲಿಂದ ಒಂದು ಕೀರಲು ದನಿ ಕೇಳಿತು. ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದು ಭಾವ ನಿಂತಿದ್ದರು.

"ಅಂದ್ರೆ... ನನ್ನ ಡ್ರೈವಿಂಗ್ ಅಲ್ವಾ?"

"ಡ್ರೈವಿಂಗಾ?" ಎಂದಳು ಅಕ್ಕ.

"ನಾನು ಸರಿಯಾಗಿ ಓಡಿಸಲ್ಲ ಅಂತ ಅಲ್ವಾ ನೀನು ಹತ್ತದೇ ಇದ್ದಿದ್ದು?"

ಅಕ್ಕ ಗೋಡೆಯ ಮೇಲಿನ ಪ್ರಶಸ್ತಿ ಪತ್ರಗಳನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಗೋಡೆ ನೋಡಿದಳು. "ಅಯ್ಯೋ ನಿಮ್ಮ! ಹುಚ್ಚಿ ಅಂದ್ಕೋತೀರಿ ಅಂತ ನಾನು ಬಾಯಿ ಬಿಡ್ಲಿಲ್ಲ. ನೀವು ಇಷ್ಟು ವರ್ಷ ಇದನ್ನ ತಲೇಲಿ ಇಟ್ಕೊಂಡಿದ್ರಾ?" ಎಂದು ಅಳತೊಡಗಿದಳು, ಅಳುತ್ತಳುತ್ತಲೇ ನಗತೊಡಗಿದಳು. ಭಾವ ಬೂಟು ಎಸೆದು, ಒಂಟಿ ಬೂಟಿನಲ್ಲೇ ಕೋಣೆ ತುಂಬ ಕುಣಿದರು. ಹೆಂಡತಿಗೆ ಕಾಯಿಲೆ ಎಂದು ಕೇಳಿ ಇಷ್ಟು ಸಂತೋಷಪಟ್ಟ ಗಂಡನನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಅತ್ತೆ ತಲೆ ಚಚ್ಚಿಕೊಂಡರು.

ಪರೀಕ್ಷೆಗಳಾದವು, ಡಾಕ್ಟ್ರಮ್ಮನ ಅನುಮಾನ ಖಾತ್ರಿಯಾಯಿತು. ಆಮೇಲಿನ ತಿಂಗಳುಗಳನ್ನು ನಮ್ಮ ಬೀದಿ ಮರೆಯುವ ಹಾಗಿಲ್ಲ. ಉಪಾಯ ಸರಳವಾಗಿತ್ತು, ಮಾಡುವುದು ಕಷ್ಟ. ಭಯ ಬರುವ ಜಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ಹೋಗಬೇಕು. ಭಯ ಏರುತ್ತದೆ, ಏರಲಿ. ಓಡಿಬರದೆ ನಿಂತರೆ ಅದು ತಾನಾಗಿಯೇ ಕರಗುತ್ತದೆ. ಅದನ್ನು ಮೈ ಕಲಿಯಬೇಕು, ಬುದ್ಧಿ ಕಲಿತರೆ ಸಾಲದು. ಮನೆಯವರಿಗೆ ಇದ್ದ ಕಟ್ಟಪ್ಪಣೆ ಇನ್ನೂ ಕಷ್ಟದ್ದು: ಅವಳ ಪರವಾಗಿ ಓಡಾಡಬೇಡಿ, ಕಾಪಾಡಲು ಹೋಗಬೇಡಿ.

ಇದು ಭಾವನ ಕೈಲಾಗುವ ಮಾತೇ? ಅಕ್ಕ ಮೊದಲ ಸಲ ಒಬ್ಬಳೇ ಬೀದಿ ತುದಿಗೆ ಹೋದ ದಿನ ಅವರು ದೀಪದ ಕಂಬದ ಹಿಂದೆ ಅಡಗಿ ನಿಂತರು. ಅಕ್ಕ ತಿರುಗಿ ನೋಡದೆಯೇ ಕೂಗಿದಳು: "ರೀ! ಕಂಬಕ್ಕಿಂತ ನಿಮ್ಮ ಹೊಟ್ಟೆ ದಪ್ಪ ಇದೆ, ಮನೆಗೆ ಹೋಗಿ!" ಬೀದಿಯವರು ಕಿಟಕಿಗಳಲ್ಲಿ ಬಿದ್ದು ಬಿದ್ದು ನಕ್ಕರು. ಭಾವ ತಲೆ ತಗ್ಗಿಸಿಕೊಂಡು ವಾಪಸಾದರು.

ಎಲ್ಲ ದಿನವೂ ಹೀಗೆ ನಗುವಿರಲಿಲ್ಲ. ಬ್ರೆಡ್ ಅಂಗಡಿಯ ಕ್ಯೂನಿಂದ ಒಂದು ಬೆಳಿಗ್ಗೆ ಚೀಲವನ್ನೂ ಅಲ್ಲೇ ಬಿಟ್ಟು ಓಡಿಬಂದಳು. ಮೇಜಿನ ಮೇಲೆ ತಲೆಯಿಟ್ಟು, "ನನ್ನಿಂದಾಗಲ್ಲ ಕಣೇ, ಅವರು ರಿಟೈರ್ ಆಗೋದ್ರೊಳಗೆ ಆಗಲ್ಲ," ಎಂದು ಬಿಕ್ಕಿದಳು. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ, ಆ ಭಯದ ಮೇಲೆ. ಇಂಥ ಹೆಂಗಸನ್ನು ಹಿಡಿದು ಕೂರಿಸಲು ಅದಕ್ಕೇನು ಹಕ್ಕು ಎನಿಸಿತು. "ನಾಳೆ ಮತ್ತೆ ಹೋಗು," ಎಂದೆ. "ಚೀಲ ತರೋಕಾದ್ರೂ ಹೋಗು." ಹೋದಳು. ಬೆವರಿನಲ್ಲಿ ತೊಯ್ದು ಬಂದಳು, ಕೈಯಲ್ಲಿ ಚೀಲವಿತ್ತು, ಒಳಗೆ ಬ್ರೆಡ್ಡೂ ಇತ್ತು. ಆ ಒಣ ಬ್ರೆಡ್ಡನ್ನು ನಾವೆಲ್ಲ ಪಾಲು ಮಾಡಿ ತಿಂದೆವು.

ಭಾವನ ನಿವೃತ್ತಿಗೆ ಒಂದು ವಾರ ಉಳಿದಿತ್ತು. ಬೆಳಿಗ್ಗೆ ಅವರು ಡ್ಯೂಟಿಗೆ ಹೋದ ಮೇಲೆ ಅಕ್ಕ ತಾನೇ ಹೊಲಿದ ಹೊಸ ಕೋಟು ಹಾಕಿಕೊಂಡು ನನ್ನನ್ನು ಕರೆದಳು. "ನೀನೂ ಹತ್ತು. ಆದ್ರೆ ಹಿಂದಿನ ಬಾಗಿಲಿಂದ. ನನ್ನ ಪಕ್ಕ ಕೂರ್ಬೇಡ, ನನ್ನ ಕಡೆ ಬರ್ಬೇಡ. 'ಏನೂ ಆಗಲ್ಲ' ಅಂತ ಒಂದ್ಸಲ ಅಂದ್ರೂ ಕತ್ತರಿ ತಗೋತೀನಿ," ಎಂದಳು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಬಸ್ಸು ಬಂತು. ಅಕ್ಕ ಹತ್ತಿ, ಡ್ರೈವರಿಗೆ ಕನ್ನಡಿಯಲ್ಲಿ ಕಾಣುವ ನಡುವಿನ ಸೀಟಿನಲ್ಲಿ ಕೂತಳು. ಭಾವ ಕನ್ನಡಿಯಲ್ಲಿ ನೋಡಿದರು, ತಿರುಗಿ ನೋಡಿದರು, ಮತ್ತೆ ಕನ್ನಡಿಯಲ್ಲಿ ನೋಡಿದರು. ಹಿಂದಿನವರು "ಹೋಗಿ ಸ್ವಾಮಿ" ಎನ್ನುವ ತನಕ ಬಸ್ಸು ಹೊರಡಲಿಲ್ಲ. ಹೊರಟಾಗ ಅವರ ಕಿವಿ ಕೆಂಪಾಗಿದ್ದು ನನಗೆ ಹಿಂದಿನಿಂದಲೇ ಕಂಡಿತು.

ಸೇತುವೆ ಬಂತು. ಆ ದಿನವೇ ಮುಂದೆ ಲಾರಿಯೊಂದು ಕೆಟ್ಟು ನಿಂತಿರಬೇಕೇ? ಸೇತುವೆಯ ನಟ್ಟನಡುವೆ ಬಸ್ಸು ನಿಂತಿತು. ಎರಡೂ ಕಡೆ ನೀರು, ಹಿಂದೆ ಮುಂದೆ ವಾಹನಗಳು. ಅಕ್ಕನ ಬೆನ್ನು ನೆಟ್ಟಗಾಯಿತು. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಕತ್ತಿನ ಮೇಲೆ ಬೆವರು ಹರಿಯುತ್ತಿತ್ತು. ನಾನು ಎದ್ದು ನಿಂತೆ, ಕತ್ತರಿಯ ನೆನಪಾಗಿ ಕೂತೆ.

ಕನ್ನಡಿಯಲ್ಲಿ ಭಾವ ಅವಳನ್ನು ನೋಡಿದರು. ಸೇತುವೆಯ ಮೇಲೆ ಯಾವ ಡ್ರೈವರೂ ಬಾಗಿಲು ತೆರೆಯುವುದಿಲ್ಲ, ಬೆಣ್ಣೆಯಂತೂ ತಮ್ಮ ಇಡೀ ನೌಕರಿಯಲ್ಲಿ ನಿಯಮ ತಪ್ಪಿದವರಲ್ಲ. ಅವರು ಗುಂಡಿ ಒತ್ತಿದರು. ಪುಸ್ ಎಂದು ಬಾಗಿಲು ತೆರೆಯಿತು. ಹೆಂಡತಿಗೆ ಅವರು ಕೊಡಬಹುದಾಗಿದ್ದದ್ದು ಅದೊಂದೇ, ಕೊಟ್ಟರು.

ಅಕ್ಕ ತೆರೆದ ಬಾಗಿಲನ್ನು ನೋಡಿದಳು. ಎದ್ದಳು. ಹೋಯಿತು ಎಂದುಕೊಂಡೆ.

"ರೀ, ಬಾಗಿಲು ಹಾಕಿ!" ಎಂದು ಕೂಗಿದಳು.

ಬಸ್ಸಿನ ಜನವೆಲ್ಲ ತಿರುಗಿದರು.

"ಹಾಕಿ ಅಂದೆ! ನಾನು ಇಳಿಯಲ್ಲ!"

ಬಾಗಿಲು ಮುಚ್ಚಿತು. ಅಕ್ಕ ಕೂತಳು. ನಾವು ಅಲ್ಲೇ ಇದ್ದೆವು, ಭಯವೂ ಇತ್ತು. ಅವಳ ಭುಜಗಳಲ್ಲಿ ಅದು ನಡುಗುತ್ತಿದ್ದದ್ದು ಕಾಣುತ್ತಿತ್ತು. ಲಾರಿ ಸರಿಯುವ ಹೊತ್ತಿಗೆ ಭುಜಗಳು ಸಡಿಲವಾದವು. ಸೇತುವೆಯ ಆಚೆ ತುದಿ ಮುಟ್ಟುವಾಗ ಅವಳು ಪಕ್ಕದಲ್ಲಿದ್ದ ಹೆಂಗಸಿನ ತೋಳು ಹಿಡಿದು, "ಈ ಹೊಲಿಗೆ ಯಾರು ಹಾಕಿದ್ದಮ್ಮ? ಕೈ ಎತ್ತಿದ್ರೆ ಹರಿದುಹೋಗತ್ತೆ," ಎನ್ನುತ್ತಿದ್ದಳು. ನಾನು ಕಿಟಕಿಯತ್ತ ಮುಖ ಮಾಡಿ ಮನಸಾರೆ ಅತ್ತುಬಿಟ್ಟೆ.

ಮಾರ್ಕೆಟ್ಟಿನಲ್ಲಿ ಎಲ್ಲರೂ ಇಳಿದ ಮೇಲೆ ಭಾವ ಎಂಜಿನ್ ಆರಿಸಿ ಬಂದು ಅವಳ ಮುಂದೆ ನಿಂತರು. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮುಖ.

"ಹೇಗಿತ್ತು ನನ್ನ ಡ್ರೈವಿಂಗು?"

"ಯಾರಿಗೆ ಗೊತ್ತು ರೀ? ನನ್ನ ಎದೆ ಬಡಿತಾನೇ ಕೇಳ್ತಾ ಕೂತಿದ್ದೆ. ವಾಪಸ್ ಹೋಗುವಾಗ ಗಮನ ಕೊಡ್ತೀನಿ," ಎಂದಳು. ಭಾವ ಜೊತೆಗೆ ಹೊರಡಲು ಕಾಲು ಮುಂದಿಟ್ಟಾಗ ಕೈ ಅಡ್ಡ ಹಿಡಿದು, "ನೀವಿಲ್ಲೇ ಇರಿ. ನಾನೊಂದು ಸುತ್ತು ಹಾಕಿ ಬರ್ತೀನಿ," ಎಂದು ಇಳಿದು, ಗುಂಪಿನೊಳಗೆ ನಡೆದೇಬಿಟ್ಟಳು.

ಹೊರಡುವ ಹೊತ್ತಾಯಿತು. ಬಸ್ಸು ತುಂಬಿತು. ಅಕ್ಕನ ಸುಳಿವಿಲ್ಲ. ಭಾವ ಕತ್ತು ಉದ್ದ ಮಾಡಿ ಬೀದಿಯ ಈ ತುದಿಯಿಂದ ಆ ತುದಿಗೆ ನೋಡುತ್ತಿದ್ದರು. ಹುಡುಕಲು ಹೋಗುತ್ತಾರೇನೋ ಎಂದುಕೊಂಡೆ, ಹೋಗಲಿಲ್ಲ. ಟೈಂಕೀಪರ್ ಸೀಟಿ ಊದಿ, "ಏನಪ್ಪಾ ಬೆಣ್ಣೆ, ನಿದ್ದೆ ಬಂತಾ? ಹೊರಡು!" ಎಂದ.

"ಒಬ್ರು ಬರ್ಬೇಕು," ಎಂದರು ಭಾವ.

"ಯಾರ್ರೀ ಅದು ಅಷ್ಟು ದೊಡ್ಡೋರು, ನಾವೆಲ್ಲ ಕಾಯೋಕೆ?" ಎಂದು ಹಿಂದಿನಿಂದ ಯಾರೋ ಗೊಣಗಿದರು.

ಭಾವ ಸೀಟಿನಿಂದ ಎದ್ದು, ಇಡೀ ಬಸ್ಸಿಗೆ ಕಾಣುವಂತೆ ತಿರುಗಿ ನಿಂತರು. ಕಣ್ಣು ತುಂಬಿತ್ತು, ಮುಖವೆಲ್ಲ ನಗು.

"ನನ್ನ ಹೆಂಡ್ತಿ," ಎಂದರು. "ಮಾರ್ಕೆಟ್ಟಲ್ಲಿ ಸುತ್ತಾಡೋಕೆ ಹೋಗಿದ್ದಾಳೆ. ಒಬ್ಬಳೇ."